ಬಾಲದ ಜೀವಿಗೆ ಅಲೈದಾಳ ಹೆಸರು

ಬೆಳಗಿನ ಕಾಫಿಗೆಂದು ಮೇಲಿನ ಮಹಡಿಗೆ ಹತ್ತಿ ಬಂದ ಅಲೈದಾಳ ಕೈಯನ್ನು ಬಾಗಿಲಲ್ಲೇ ಹಿಡಿದುಕೊಂಡವರು ಪ್ರೊಫೆಸರ್ ಟೆರ್ ಹಾರ್. ಯಾರ ಕೈಯನ್ನೂ ಸುಮ್ಮನೆ ಮುಟ್ಟುವ ಹೆಂಗಸಲ್ಲ ಅವರು. ಇವತ್ತು ಎರಡೂ ಕೈಯಲ್ಲಿ ಹಿಡಿದು, ಎಡಗೆನ್ನೆಗೊಂದು ಬಲಗೆನ್ನೆಗೊಂದು ಮತ್ತೆ ಎಡಗೆನ್ನೆಗೊಂದು ಮುತ್ತು ಕೊಟ್ಟು, "ಅಭಿನಂದನೆ, ಹುಡುಗಿ" ಎಂದರು.

"ನಿಮಗೂ ಅಭಿನಂದನೆ, ಪ್ರೊಫೆಸರ್" ಎಂದಳು ಅಲೈದಾ.

ಹಾಗೆನ್ನುವುದು ಅಲ್ಲಿನ ರೂಢಿ. ಒಬ್ಬರ ಹುಟ್ಟುಹಬ್ಬವೆಂದರೆ ಅವರ ಅಕ್ಕ, ಅತ್ತೆ, ಪಕ್ಕದ ಮನೆಯವರು, ಎಲ್ಲರ ಕೈ ಕುಲುಕಿ ಅಭಿನಂದಿಸದ ಹೊರತು ಕೂರಲು ಕುರ್ಚಿ ಸಿಗುವುದಿಲ್ಲ. ಆಸ್ಸೆನ್ ಊರಿನ ಆ ಜೌಗುಮಣ್ಣಿನ ಸಂಶೋಧನೆಯ ಸಂಸ್ಥೆಯಲ್ಲಿ ಇನ್ನೊಂದು ರೂಢಿಯೂ ಇತ್ತು. ಬೇರೆ ಯಾವ ಜೀವಿಯ ಬೆರಕೆಯೂ ಇಲ್ಲದ ಶುದ್ಧ ತಳಿಯನ್ನು ಬೇರ್ಪಡಿಸಿದವರು ತಾವೇ ಕೇಕ್ ತಂದು ಎಲ್ಲರಿಗೂ ಹಂಚಬೇಕು. ಇವತ್ತಿನ ಕೇಕ್ ವೀಬೆಯದು.

ವೀಬೆ ಎಂದರೆ ಮೀಥೇನ್ ತಿಂದು ಬದುಕುವ ಬ್ಯಾಕ್ಟೀರಿಯಾಗಳ ಹಿಂದೆ ಬಿದ್ದು ಊಟ ನಿದ್ದೆ ಮರೆತವನು. ಉದ್ದನೆಯ ಆಳು, ಹುಲ್ಲಿನ ಬಣ್ಣದ ಕೂದಲು, ಒಂದು ಮೊಣಕೈ ಯಾವಾಗಲೂ ಹರಿದಿರುವ ಸ್ವೆಟರು. ಗೋಡೆಗೆ ಬೆನ್ನು ಹಾಕಿ ವೃತ್ತವಾಗಿ ಜೋಡಿಸಿದ ಕುರ್ಚಿಗಳ ನಡುವೆ ನಿಂತು ಅವನು ಕೇಕ್ ಕತ್ತರಿಸುತ್ತಿದ್ದ. ಅಲೈದಾ ಒಳಗೆ ಬಂದದ್ದೇ ಚಾಕು ಅಡ್ಡ ಹೋಯಿತು.

ಅವಳು ವೃತ್ತದ ಸುತ್ತ ಕೈ ಕುಲುಕುತ್ತ ಬಂದಳು. ಏನೋ ಸರಿಯಿರಲಿಲ್ಲ. ಎಲ್ಲರೂ ಅವಳ ಕೈಯನ್ನು ಒಂದು ಕ್ಷಣ ಹೆಚ್ಚಿಗೆ ಹಿಡಿಯುತ್ತಿದ್ದರು. ಗಾಜು ತೊಳೆಯುವ ಮುದುಕ ಕಣ್ಣು ಹೊಡೆದ. ಕೆಳಮಹಡಿಯಲ್ಲಿ ಅವಳ ಜೊತೆಯಲ್ಲೇ ಕೆಲಸ ಮಾಡುವ ರೂಲ್ಫಿನ್ ಅಂತೂ ಅವಳ ಸೊಂಟಕ್ಕೆ ತಿವಿದು, "ಏನೇ, ನಂಗೊಂದು ಮಾತು ಹೇಳ್ಬಾರದಿತ್ತಾ?" ಎಂದಳು.

"ಏನು ಹೇಳ್ಬೇಕಿತ್ತು?"

"ನೋಡಿದ್ರಾ, ಎಷ್ಟು ಮುಗ್ಧೆ."

ಪ್ರೊಫೆಸರ್ ಚಮಚದಿಂದ ಕಪ್ಪಿಗೆ ತಟ್ಟಿದರು. "ಕೇಳಿ. ನಮ್ಮ ಡ್ರೆಂಥೆ ಸೀಮೆಯ ಜೌಗಿನಿಂದ ವೀಬೆ ಬೇರ್ಪಡಿಸಿದ್ದು ಬರೀ ಹೊಸ ಪ್ರಭೇದ ಅಲ್ಲ, ಹೊಸ ಕುಲ. ಮೀಥೇನ್ ತಿನ್ನೋ ಜೀವಿಗಳಲ್ಲಿ ಬಾಲ ಇರೋದು ಇದೊಂದಕ್ಕೇ. ಲೇಖನ ಅಚ್ಚಿಗೆ ಹೋಗ್ತಿದೆ. ಇನ್ನು ಹೆಸರು. ಕುಲಕ್ಕೆ ಏನೋ ಉದ್ದದ್ದು ಇಟ್ಟಿದ್ದಾನೆ, ನಂಗೆ ಹಲ್ಲುಸೆಟ್ಟು ಹಾಕ್ಕೊಂಡೂ ಹೇಳೋಕಾಗಲ್ಲ. ಪ್ರಭೇದದ ಹೆಸರು ಸುಲಭ, ನಮ್ಮ ಅಲೈದಾಳದ್ದೇ. ಅಲೈದೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಗರಬಡಿದವಳಂತೆ ವೀಬೆಯನ್ನೇ ನೋಡಿದಳು. ಅವನು ಕೇಕನ್ನು ನೋಡುತ್ತಿದ್ದ. ಅವನ ಕಿವಿಗಳು ಮಾತ್ರ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದ್ದವು.

ಎಲ್ಲ ಎದ್ದು ಹೋದ ಮೇಲೆ ಅವಳು ಅವನ ಎದುರು ನಿಂತಳು.

"ನನ್ನ ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ ನಿಂಗೆ?"

"ಕೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ."

"ಅದಕ್ಕೇ ಕೇಳ್ಲಿಲ್ಲ." ಅವನು ತಟ್ಟೆಯೊಂದನ್ನು ಅವಳತ್ತ ಚಾಚಿದ. "ಕೇಕ್ ತಗೋ. ಅಲೈದಾ, ಆವತ್ತು ನೀನು ನನ್ನ ಎಳೀದೇ ಇದ್ದಿದ್ರೆ ಈ ಜೀವಿ ಸಿಕ್ತಾನೇ ಇರ್ಲಿಲ್ಲ. ನಾನೂ ಸಿಕ್ತಿರ್ಲಿಲ್ಲ."

ಆವತ್ತು ಎಂದರೆ ಕಳೆದ ಶರತ್ಕಾಲದ ಮಾತು. ಮಣ್ಣಿನ ಮಾದರಿ ತರಲು ಇಬ್ಬರೂ ಜೌಗಿಗೆ ಹೋಗಿದ್ದರು. ನೀರಿನಲ್ಲಿ ಮೀಥೇನ್ ಗುಳ್ಳೆಗಳು ಬುಳುಬುಳು ಏಳುವುದನ್ನು ಕಂಡ ವೀಬೆ ಹಲಗೆಯ ದಾರಿ ಬಿಟ್ಟು ಅತ್ತ ನಡೆದ. ಸೊಂಟದವರೆಗೆ ಹೂತುಹೋದ. ಅಲೈದಾ ಹಲಗೆಯ ಮೇಲೆ ಬೋರಲಾಗಿ ಮಲಗಿ, ಅವನ ಕಾಲರನ್ನೂ ಕೂದಲನ್ನೂ ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಎಳೆದು ದಡಕ್ಕೆ ಹಾಕಿದ್ದಳು. ಮಹಾಶಯ ಮೇಲೆ ಬಂದವನೇ ಮಾಡಿದ ಮೊದಲ ಕೆಲಸವೆಂದರೆ, ಉಳಿದಿದ್ದ ಒಂದು ಬೂಟನ್ನು ಕಳಚಿ ಅದರೊಳಗಿನ ಕೆಸರನ್ನು ಜೋಪಾನವಾಗಿ ಶೀಶೆಗೆ ಸುರಿದುಕೊಂಡದ್ದು. ಅವಳು ನಡುಗುತ್ತ, ಬೈಯುತ್ತ, ನಗುತ್ತ ಕೂತಿದ್ದಳು. ಆಗಲೇ ಅವಳ ಮನಸ್ಸು ಜಾರಿತ್ತು. ಒಪ್ಪಿಕೊಳ್ಳಲು ಅವಳಿಗೆ ಪುರಸೊತ್ತಾಗಿರಲಿಲ್ಲ, ಅಷ್ಟೇ.

"ಕೇಕ್ ಒಣಗಿದೆ" ಎಂದಳು.

"ಹೆಸರು?"

"ಯೋಚನೆ ಮಾಡ್ತೀನಿ."

ಅಂದು ಸಂಜೆ ಎದುರುಗಾಳಿ. ಕಾಲುವೆಯ ಪಕ್ಕದ ದಾರಿಯಲ್ಲಿ ಅವಳ ಸೈಕಲ್ಲು ಮುಂದೆ ಹೋಗಲೊಲ್ಲದು. ಪಕ್ಕದಲ್ಲೇ ಬಂದ ವೀಬೆ ಒಂದು ಕೈಯಲ್ಲಿ ತನ್ನ ಹ್ಯಾಂಡಲ್ ಹಿಡಿದು ಇನ್ನೊಂದು ಕೈಯನ್ನು ಅವಳ ಬೆನ್ನಿಗಿಟ್ಟು ಮೆಲ್ಲಗೆ ತಳ್ಳತೊಡಗಿದ. ಆ ಊರಿನಲ್ಲಿ ಗಂಡಸರು ಹೆಂಗಸರಿಗೆ ಮಾಡುವ ಸಾಮಾನ್ಯ ಉಪಕಾರ ಅದು, ಯಾರೂ ತಿರುಗಿ ನೋಡುವುದಿಲ್ಲ. ಆದರೆ ಕೋಟಿನ ಮೇಲಿಂದಲೂ ಅವನ ಐದೂ ಬೆರಳು ಅವಳಿಗೆ ಬೇರೆಬೇರೆಯಾಗಿ ತಿಳಿಯುತ್ತಿದ್ದವು. ಗಾಳಿ ನಿಂತರೂ ಕೈ ನಿಲ್ಲಲಿಲ್ಲ.

"ಗಾಳಿ ನಿಂತಿದೆ, ವೀಬೆ."

"ಹೌದಾ? ನಂಗೆ ಗೊತ್ತಾಗ್ಲಿಲ್ಲ."

"ಸುಳ್ಳ."

"ನಿಂಗೂ ಇಷ್ಟು ಹೊತ್ತು ಗೊತ್ತಾಗ್ಲಿಲ್ವಲ್ಲ."

ಅವಳು ಮುಖ ಆಚೆ ತಿರುಗಿಸಿ ನಕ್ಕಳು. ಮನೆ ಸೇರುವವರೆಗೂ ಆ ನಗು ಮುಖದಿಂದ ಇಳಿಯಲಿಲ್ಲ.

ಅಲ್ಲಿಂದ ಮುಂದಿನ ದಿನಗಳಲ್ಲಿ ಮೇಲಿನ ಮಹಡಿಯವನು ಕೆಳಗೆ ಇಳಿಯುವುದಕ್ಕೆ ನೆಪಗಳೇ ನೆಪಗಳು. ಪಿಪೆಟ್ ಇದೆಯಾ, ಹತ್ತಿ ಇದೆಯಾ, ಪೆನ್ಸಿಲ್ ಇದೆಯಾ. ಕೆಳಮಹಡಿ ಅಲೈದಾಳ ರಾಜ್ಯ. ಸಂಸ್ಥೆಯವರು ಬೇರ್ಪಡಿಸಿದ ತಳಿಗಳನ್ನೆಲ್ಲ ಪರೀಕ್ಷಿಸಿ, ಒಣಗಿಸಿ, ಗಾಜಿನ ಕೊಳವೆಗಳಲ್ಲಿ ಮುಚ್ಚಿಟ್ಟು ಕಾಪಾಡುವ ತಳಿಸಂಗ್ರಹದ ಮುಖ್ಯಸ್ಥೆ ಅವಳು. ಹೊಸ ಹೆಸರು ಪಡೆದ ಯಾವ ಜೀವಿಯೇ ಆಗಲಿ, ಅವಳ ಸಂಗ್ರಹ ಸೇರಿ ಇದು ಶುದ್ಧ ಎಂದು ಅವಳು ಒಪ್ಪಿದ ಮೇಲೆಯೇ ಹೆಸರಿಗೆ ಬೆಲೆ. ವೀಬೆಯ ಜೀವಿಯನ್ನೂ ರೂಢಿಯಂತೆ ಮಾಂಸದ ಸಾರಿನಲ್ಲಿ ಹಾಕಿ ನೋಡಿದ್ದಳು. ಮೀಥೇನ್ ತಿನ್ನುವಂಥವು ಮಾಂಸದ ಸಾರನ್ನು ಮೂಸಿಯೂ ನೋಡುವುದಿಲ್ಲ. ಬೇರೆ ಕ್ರಿಮಿ ಸೇರಿಕೊಂಡಿದ್ದರೆ ಸಾರು ಬಗ್ಗಡವಾಗಬೇಕು. ಆಗಿರಲಿಲ್ಲ. ವಂಶವಾಹಿಗಳನ್ನು ಓದಿ ಹೇಳುವ ಯಂತ್ರಗಳು ಇನ್ನೂ ಬಂದಿರದ ಕಾಲ. ಸಾರು ತಿಳಿಯಾಗಿದೆಯೆಂದರೆ ತಳಿ ಶುದ್ಧ.

"ಬಾಲ ಹೇಗೆ ಬರತ್ತೆ ಹೇಳ್ಲಾ?" ಎಂದು ವೀಬೆ ಅವಳ ಮೇಜಿನ ಮೂಲೆಯಲ್ಲಿ ಕೂತು ನೂರನೆಯ ಸಲ ಶುರು ಮಾಡುತ್ತಿದ್ದ. "ಮರಿ ಇದ್ದಾಗ ಗುಂಡಗೆ. ಬೆಳೀತಾ ಬೆಳೀತಾ ಒಂದು ಬಾಲ. ಬಾಲದ ತುದೀಲಿ ಮೊಗ್ಗು. ಮೊಗ್ಗು ಕಳಚಿ ಬಿದ್ರೆ ಮತ್ತೆ ಗುಂಡು ಮರಿ. ಎಷ್ಟು ಚೆನ್ನಾಗಿದೆ ಅಲ್ವಾ?"

"ನನ್ನ ಹೆಸರಿಟ್ಟು ಬಾಲ ಅಂಟಿಸಿದೀಯ. ನಮ್ಮಮ್ಮ ಕೇಳಿ ಎಷ್ಟು ಖುಷಿಪಟ್ಲು ಗೊತ್ತಾ?"

"ಬಾಲ ಚಿಕ್ಕದು."

"ಏನು ಉಪಕಾರ."

ರೂಲ್ಫಿನ್ ಆಚೆ ಮೇಜಿನಿಂದ ಕೆಮ್ಮುತ್ತಿದ್ದಳು. "ಈ ಕಾಲದ ಹುಡುಗ್ರು. ನನ್ನ ಗಂಡ ಹೂವು ತಂದಿದ್ದ. ಇವನು ಕ್ರಿಮಿ ತಂದಿದಾನೆ. ಬಾಯಿ ಬಿಟ್ಟು ಹೇಳೋದೊಂದು ಬಾಕಿ."

ಬಾಯಿ ಬಿಟ್ಟು ಅವನು ಹೇಳಲಿಲ್ಲ. ಆದರೆ ಒಂದು ಮಧ್ಯಾಹ್ನ, ಮೆಟ್ಟಿಲ ಬಳಿ, ಗಂಭೀರವಾಗಿ ಹೇಳಿದ: "ಬೇಸಿಗೆಗೆ ಪ್ರೊಫೆಸರ್ ನಿವೃತ್ತಿ. ಮೀಥೇನ್ ವಿಭಾಗ ಯಾರಿಗೆ ಅಂತ ಈ ತಿಂಗಳ ಕೊನೇಲಿ ಸಮಿತಿ ಕೂರತ್ತೆ. ನನ್ನ ಉಪನ್ಯಾಸ ಇದೆ. ಕೆಲಸ ಸಿಕ್ಕಿದ್ರೆ ಇಲ್ಲೇ ಇರ್ತೀನಿ. ಸಿಗದಿದ್ರೆ ನನ್ನ ಕರಾರು ಮುಗೀತು, ದಕ್ಷಿಣದಲ್ಲಿ ನಮ್ಮಣ್ಣ ಇರೋ ಯೀಸ್ಟ್ ಕಾರ್ಖಾನೆ. ಇಲ್ಲೇ ಇದ್ರೆ... ನಿನ್ನ ಹತ್ರ ಒಂದು ಮಾತು ಕೇಳೋದಿದೆ."

"ಈಗಲೇ ಕೇಳು."

"ಕೆಲಸ ಇಲ್ದೋನು ಕೇಳೋ ಮಾತಲ್ಲ ಅದು."

ಅವನು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದ. ಅಲೈದಾಳಿಗೆ ಎದೆಯೊಳಗೆ ಹಬ್ಬ. ಅವನ ಉಪನ್ಯಾಸಕ್ಕೆ ತಾನೂ ಏನಾದರೂ ಕೊಡಬೇಕು ಎನ್ನಿಸಿತು. ಅವಳು ಡಾಕ್ಟರೇಟ್ ಮಾಡಿದ್ದು ಗಾಳಿಯೇ ಇಲ್ಲದ ಕಾಲುವೆ ಕೆಸರಿನಲ್ಲಿ ನೈಟ್ರೇಟ್ ಉಸಿರಾಡಿ ಬದುಕುವ ಬ್ಯಾಕ್ಟೀರಿಯಾಗಳ ಮೇಲೆ. ವೀಬೆಯ ಜೀವಿ ಗಾಳಿಯಿಲ್ಲದೆ ಬೆಳೆಯುವುದಿಲ್ಲ ಎಂದು ತನ್ನ ವಿಧಾನದಲ್ಲಿ ತೋರಿಸಿಕೊಟ್ಟರೆ ಅವನ ವರ್ಣನೆಗೆ ಇನ್ನೊಂದು ಗಟ್ಟಿ ಸಾಲು ಸೇರುತ್ತದೆ. ಶೀಶೆಯ ಕುತ್ತಿಗೆಯವರೆಗೆ ನೀರು ತುಂಬಿ, ನೈಟ್ರೇಟ್ ಬೆರೆಸಿ, ಮೀಥೇನಿನ ಬದಲು, ಅದು ಜೀವಿಯ ಹೊಟ್ಟೆಯಲ್ಲಿ ಮೊದಲು ಮಾರ್ಪಡುವ ಮೆಥನಾಲನ್ನೇ ನಾಲ್ಕು ಹನಿ ಹಾಕಿ, ಅವನ ತಳಿಯನ್ನು ಬಿಟ್ಟು ಬಿಗಿಯಾಗಿ ಬಿರಡೆ ಜಡಿದಳು. ಪ್ರೀತಿಯಿಂದ ಮಾಡಿದ ಕೆಲಸ. ಏನೂ ಬೆಳೆಯಬಾರದು, ನೀರು ನೀರಾಗಿಯೇ ಇರಬೇಕು, ಅದೇ ಉಡುಗೊರೆ.

ಮುಂದಿನ ವಾರ ಕಪಾಟು ತೆರೆದಾಗ ಶೀಶೆ ಹಾಲಿನಂತೆ ಬಿಳುಪಾಗಿತ್ತು. ಕುತ್ತಿಗೆಯಲ್ಲಿ ಗುಳ್ಳೆಗಳು ಒತ್ತಿಕೊಂಡಿದ್ದವು.

ಮೊದಲು ಬಂದ ಯೋಚನೆ, ನನ್ನ ಕೈ ತಪ್ಪು. ಒಂದು ಹನಿಯನ್ನು ಗಾಜಿಗೆ ಸವರಿ ಸೂಕ್ಷ್ಮದರ್ಶಕದಡಿ ಇಟ್ಟಳು. ಬಾಲಗಳು. ಎಲ್ಲಿ ನೋಡಿದರೂ ಬಾಲದವೇ. ಗುಂಡನೆಯದು ಒಂದೂ ಇಲ್ಲ. ಮರಿಗಳಿಲ್ಲದೆ ಬರೀ ದೊಡ್ಡವರೇ ತುಂಬಿರುವ ಊರು ಎಲ್ಲಾದರೂ ಉಂಟೇ? ನೋಡುತ್ತಿದ್ದ ಹಾಗೆ ಬಾಲದ ತುದಿಯ ಮೊಗ್ಗೊಂದು ಕಳಚಿತು. ಅದು ಗುಂಡಗಿರಲಿಲ್ಲ. ಸಣ್ಣ ಅಕ್ಕಿಕಾಳಿನ ಹಾಗೆ ಉದ್ದಕ್ಕಿತ್ತು.

ಅವಳಿಗೆ ಎಲ್ಲ ಒಟ್ಟಿಗೇ ತಿಳಿಯಿತು. ಇದು ಒಂದು ಜೀವಿಯಲ್ಲ, ಎರಡು. ಗುಂಡನೆಯದು ಮೀಥೇನ್ ತಿನ್ನುತ್ತದೆ. ತಿನ್ನುವಾಗ ಅದರ ಬಾಯಿಂದ ಸೋರುವ ಮೆಥನಾಲನ್ನು ನೆಕ್ಕಿಕೊಂಡು ಬಾಲದ್ದು ಅದರ ಮಗ್ಗುಲಲ್ಲೇ ಬದುಕುತ್ತದೆ. ಎರಡೂ ಮಾಂಸದ ಸಾರನ್ನು ಮುಟ್ಟುವುದಿಲ್ಲ, ಹಾಗಾಗಿ ಸಾರು ತಿಳಿಯಾಗಿಯೇ ಉಳಿಯಿತು. ವೀಬೆ ಇಬ್ಬರನ್ನು ಕಂಡು ಒಬ್ಬನ ಬಾಲ್ಯ, ಯೌವನ ಎಂದು ಬರೆದಿದ್ದ. ಶುದ್ಧ ಎಂದು ಒಪ್ಪಿದವಳು ಅವಳೇ. ಇನ್ನೂ ಕೆಟ್ಟ ಸಂಗತಿಯೆಂದರೆ ಎರಡೂ ಹಳೆಯ ಪರಿಚಯದವೇ, ಎರಡಕ್ಕೂ ಎಂದೋ ಹೆಸರಿಟ್ಟಾಗಿತ್ತು. ಅಲೈದೆ ಎಂಬ ಜೀವಿ ಪ್ರಪಂಚದಲ್ಲಿ ಇರಲೇ ಇಲ್ಲ.

ರೂಲ್ಫಿನ್ ಬಂದು ಶೀಶೆಯನ್ನು ನೋಡಿದಳು, ಅವಳ ಮುಖ ನೋಡಿದಳು, ಮಸೂರಕ್ಕೆ ಕಣ್ಣಿಟ್ಟಳು. ಅಲೈದಾ ಹೇಳಿದ್ದನ್ನೆಲ್ಲ ಕೇಳಿಕೊಂಡಳು.

"ಒಬ್ಬ ದುಡೀತಾನೆ, ಇನ್ನೊಬ್ಬ ಪಕ್ಕದಲ್ಲಿ ಕೂತು ನೆಕ್ತಾನೆ" ಎಂದಳು ಕೊನೆಗೆ. "ನನ್ನ ಸಂಸಾರದ ಫೋಟೋ ಇದ್ದ ಹಾಗಿದೆ." ಅಲೈದಾ ನಗಲಿಲ್ಲ. ರೂಲ್ಫಿನ್ ದನಿ ತಗ್ಗಿಸಿದಳು. "ಇದನ್ನ ಸಿಂಕಿಗೆ ಚೆಲ್ಲು ಮಗಳೇ. ನಾನು ನೋಡಿಲ್ಲ, ನೀನೂ ನೋಡಿಲ್ಲ. ಸಮಿತಿ ಕೂತು ಏಳ್ಲಿ. ಹುಡುಗಂಗೆ ಕೆಲಸ ಸಿಗ್ಲಿ, ನಿನ್ನ ಹತ್ರ ಕೇಳೋದು ಕೇಳ್ಲಿ. ಮುಂದಿನ ವರ್ಷ ಬೇರೆ ಯಾರೋ ಕಂಡುಹಿಡೀತಾರೆ, ಆಗ ನೋಡ್ಕೊಂಡ್ರಾಯ್ತು."

"ಬೇರೆಯವರು ಕಂಡುಹಿಡಿದ್ರೆ ಅವನ ಮರ್ಯಾದೆ ಊರೆಲ್ಲ ಹರಾಜು."

"ನೀನು ಹೇಳಿದ್ರೆ ಅವನೇ ಹೋಗ್ತಾನೆ. ಅದು ಪರವಾಗಿಲ್ವಾ?"

ಪರವಾಗಿಲ್ಲ ಅನ್ನುವ ಹಾಗಿರಲಿಲ್ಲ. ಎಷ್ಟರಮಟ್ಟಿಗೆಂದರೆ ಅಲೈದಾ ಶೀಶೆಯನ್ನು ಹಿಡಿದು ಸಿಂಕಿನವರೆಗೂ ಹೋದಳು, ಬಿರಡೆಯ ಮೇಲೆ ಬೆರಳಿಟ್ಟಳು. ಅವನಿಲ್ಲದ ಸಂಸ್ಥೆ, ಅವನಿಲ್ಲದ ಕಾಲುವೆ ದಾರಿ, ನೆಪ ಹೇಳಿಕೊಂಡು ಯಾರೂ ಇಳಿದು ಬಾರದ ಮೆಟ್ಟಿಲು ಕಣ್ಣಮುಂದೆ ಬಂತು. ಅವಳಿಗೆ ಅವನು ಬೇಕಾಗಿದ್ದ. ಆದರೆ ಇದನ್ನು ನುಂಗಿಕೊಂಡು ಅವನ ಪಕ್ಕದಲ್ಲಿ ಕೂತು ಊಟ ಮಾಡುವುದು ತನ್ನಿಂದ ಆಗದು ಎಂಬುದೂ ಅವಳಿಗೆ ಗೊತ್ತಿತ್ತು. ಶೀಶೆಯನ್ನು ಎದೆಗೆ ಒತ್ತಿಕೊಂಡು ಮೇಲಿನ ಮಹಡಿಗೆ ಹತ್ತಿದಳು.

ವೀಬೆ ಮೀಥೇನ್ ತುಂಬಿದ ಗಾಜಿನ ಜಾಡಿಗಳ ನಡುವೆ ಶಿಳ್ಳೆ ಹಾಕುತ್ತ ಉಪನ್ಯಾಸದ ಚಿತ್ರಗಳನ್ನು ಜೋಡಿಸುತ್ತಿದ್ದ. ಅವಳನ್ನು ಕಂಡದ್ದೇ ಮುಖ ಅರಳಿತು.

"ಏನು, ಇವತ್ತು ನೀನೇ ಹತ್ತಿ ಬಂದ್ಯಲ್ಲ. ಪೆನ್ಸಿಲ್ ಬೇಕಿತ್ತಾ?"

ಅವಳು ಶೀಶೆಯನ್ನು ಮೇಜಿನ ಮೇಲಿಟ್ಟಳು. "ನಿನ್ನ ತಳಿ. ಗಾಳಿ ಇಲ್ಲ, ಮೀಥೇನ್ ಇಲ್ಲ. ನೈಟ್ರೇಟು, ಮೆಥನಾಲು ಅಷ್ಟೇ."

ಅವನ ಶಿಳ್ಳೆ ನಿಂತಿತು. ಬಿಳುಪಾದ ನೀರನ್ನು ನೋಡಿದ. ಗುಳ್ಳೆಗಳನ್ನು ನೋಡಿದ. ಅವನೂ ದಡ್ಡನಲ್ಲ, ಮುಂದಿನ ಮಾತು ಅವಳು ಹೇಳುವ ಮೊದಲೇ ಅವನ ಮುಖದಿಂದ ರಕ್ತವೆಲ್ಲ ಇಳಿದುಹೋಗಿತ್ತು.

"ಬರೀ ಬಾಲದವು, ವೀಬೆ. ಗುಂಡನೆಯದು ಒಂದೂ ಇಲ್ಲ. ಎರಡು ಬೇರೆಬೇರೆ."

"ನೀರು ಸರಿಯಾಗಿ ಕುದಿಸಿರಲ್ಲ ನೀನು."

"ಕುದಿಸಿದೀನಿ."

"ಬಿರಡೆ?"

"ವೀಬೆ."

"ಸಮಿತಿಗೆ ಹತ್ತು ದಿನ ಇರೋವಾಗ" ಎಂದ ಅವನು. "ನನ್ನ ಕೇಳದೆ, ನನ್ನ ತಳಿ ತಗೊಂಡು, ಯಾರೂ ಮಾಡದ ಪರೀಕ್ಷೆ ಮಾಡಿದೀಯ. ಹೆಸರು ಇಷ್ಟ ಆಗ್ಲಿಲ್ಲ ಅಂದಿದ್ರೆ ಸಾಕಿತ್ತು, ಅಲೈದಾ. ಬದಲಾಯಿಸ್ತಿದ್ದೆ. ಇಷ್ಟೆಲ್ಲ ಕಷ್ಟಪಡಬೇಕಿರ್ಲಿಲ್ಲ."

ಕಪಾಳಕ್ಕೆ ಹೊಡೆದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಉಡುಗೊರೆ ಕೊಡೋಣವೆಂದು ಮಾಡಿದ್ದು ಎಂದು ಹೇಳಲು ಈಗ ಮನಸ್ಸಾಗಲಿಲ್ಲ.

"ನಾನು ಯಾರಿಗೂ ಹೇಳಲ್ಲ" ಎಂದಳು ಕೊನೆಗೆ. "ಹೇಳೋದು ಬಿಡೋದು ನಿಂದು. ಆದ್ರೆ ನನ್ನ ಸಂಗ್ರಹದಲ್ಲಿ ಅದನ್ನ ಶುದ್ಧ ಅಂತ ಇಟ್ಕೊಳ್ಳಲ್ಲ. ಮೊದಲ ಸಲ ನಾನೂ ತಪ್ಪಿದೀನಿ, ಅದನ್ನ ಒಪ್ಕೋತೀನಿ."

"ಅಂದ್ರೆ ನಾನು ಹೇಳದಿದ್ರೂ ನೀನು ಹೇಳ್ದಂಗೇ."

"ಹೌದು" ಎಂದಳು. ಸುಳ್ಳು ಹೇಳಿ ಸಮಾಧಾನ ಮಾಡಲು ಅವಳಿಗೆ ಬರುತ್ತಿರಲಿಲ್ಲ.

ಅವನು ಕೋಟು ಎತ್ತಿಕೊಂಡು ಹೊರಟುಹೋದ. ಶೀಶೆಯನ್ನೂ ಕೋಟಿನೊಳಗೆ ತುರುಕಿಕೊಂಡು ಹೋದ. ಅದನ್ನು ಅವಳು ಆಮೇಲೆ ಗಮನಿಸಿದಳು. ಸಾಕ್ಷಿಯನ್ನು ಕಾಲುವೆಗೆ ಚೆಲ್ಲುತ್ತಾನೆ ಅಂದುಕೊಂಡಳು, ಹಾಗೆ ಅಂದುಕೊಂಡದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಆ ದಿನಗಳು ಹೇಗೆ ಕಳೆದವೋ ಅವಳಿಗೇ ಗೊತ್ತು. ಅವನು ಕೆಳಗೆ ಇಳಿಯಲಿಲ್ಲ. ಕಾಫಿಯ ವೃತ್ತದಲ್ಲಿ ಅವನ ಕುರ್ಚಿ ಖಾಲಿ. ಒಮ್ಮೆ ಸೈಕಲ್ ಶೆಡ್ಡಿನಲ್ಲಿ ಎದುರಾದರು. ಅವನು "ಗುಡ್ ಮಾರ್ನಿಂಗ್" ಎಂದ, ಬ್ಯಾಂಕಿನವರು ಗಿರಾಕಿಗೆ ಹೇಳುವ ದನಿಯಲ್ಲಿ. ಅವಳು ಅವತ್ತಿಡೀ ಊಟ ಮಾಡಲಿಲ್ಲ. ರೂಲ್ಫಿನ್ ಬಟಾಣಿ ಸೂಪಿನ ಡಬ್ಬಿಯನ್ನು ಅವಳ ಮುಂದೆ ಕುಕ್ಕಿ, "ಸತ್ಯ ಹೇಳಿದೋರು ಉಪವಾಸ ಸಾಯ್ಬೇಕು ಅಂತೇನಿಲ್ಲ. ತಿನ್ನು" ಎಂದಳು.

"ಅವನು ಹಾಗನ್ಬಾರದಿತ್ತು ರೂಲ್ಫಿನ್."

"ಅನ್ಬಾರದಿತ್ತು. ನಾನಾಗಿದ್ರೆ ಜಾಡಿ ಎತ್ತಿ ಹಾಕ್ತಿದ್ದೆ ತಲೆ ಮೇಲೆ."

"ಆದ್ರೂ ಬೇಕು ಅನ್ಸತ್ತೆ."

"ಗೊತ್ತು ಕಣೆ. ಅದಕ್ಕೇ ಸೂಪು ತಂದಿದ್ದು."

ಉಪನ್ಯಾಸದ ದಿನ ಬಂತು. ಮೊದಲ ಸಾಲಿನಲ್ಲಿ ಸಮಿತಿಯವರು, ಅವರ ಮಧ್ಯೆ ಪ್ರೊಫೆಸರ್ ಟೆರ್ ಹಾರ್, ಕೊರಳಲ್ಲಿ ಒಳ್ಳೆಯ ಸ್ಕಾರ್ಫು. ಅಲೈದಾ ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕೂತಳು. ಅವನು ಏನೂ ಆಗದವನಂತೆ ಹೊಸ ಕುಲದ ಬಗ್ಗೆ ಮಾತಾಡಿದರೆ ಎದ್ದು ಹೋಗಿಬಿಡುವುದು ಎಂದು ನಿರ್ಧರಿಸಿದ್ದಳು. ಎದ್ದು ಹೋಗಿ ಎಲ್ಲಿ ಅಳುವುದು ಎಂಬುದನ್ನೂ ನಿರ್ಧರಿಸಿದ್ದಳು.

ವೀಬೆ ವೇದಿಕೆ ಹತ್ತಿದ. ಸ್ವೆಟರಿನ ಬದಲು ಯಾರದೋ ಸೂಟು. ದೀಪ ಆರಿಸಿ ಮೊದಲ ಚಿತ್ರ ಹಾಕಿದ. ಗುಂಡನೆಯವೂ ಬಾಲದವೂ ಕೂಡಿದ, ಎಲ್ಲರೂ ನೋಡಿದ್ದ ಆ ಚಿತ್ರವೇ. ಅಲೈದಾ ಚೀಲವನ್ನು ಕೈಗೆತ್ತಿಕೊಂಡಳು.

"ಈ ಜೀವಿಗೆ ನಾನು ಹೆಸರಿಟ್ಟೆ" ಎಂದ ವೀಬೆ. "ಈ ಜೀವಿ ಇಲ್ಲ."

ಸಭೆಯಲ್ಲಿ ಯಾರೋ ನಕ್ಕರು, ತಮಾಷೆಯೆಂದುಕೊಂಡು. ಅವನು ಮುಂದಿನ ಚಿತ್ರ ಹಾಕಿದ. ಬರೀ ಬಾಲದವು. ಅದರ ಮುಂದಿನದು. ಬರೀ ಗುಂಡನೆಯವು, ಮರಿ, ತಾಯಿ ಎಲ್ಲ ಗುಂಡಗೇ. ನಗು ನಿಂತಿತು. ಪ್ರೊಫೆಸರ್ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಇವು ಎರಡು. ನಾನು ಇಬ್ಬರನ್ನ ಒಬ್ಬರು ಅಂದ್ಕೊಂಡೆ. ಮಾಂಸದ ಸಾರಿನ ಪರೀಕ್ಷೆ ಈ ಜೋಡಿಗೆ ಸಾಲದು ಅಂತ ನಂಗೆ ಹೊಳೀಲಿಲ್ಲ. ಹೊಳೆದಿದ್ದು ತಳಿಸಂಗ್ರಹದ ಡಾಕ್ಟರ್ ಅಲೈದಾ ಅವರಿಗೆ. ಅವರು ತಂದು ತೋರಿಸಿದ ದಿನ ನಾನು ಅವರಿಗೆ ಆಡಬಾರದ ಮಾತು ಆಡಿದೆ. ಆಮೇಲೆ ಅದೇ ಪರೀಕ್ಷೇನ ನಾನೇ ಮಾಡಿದೆ, ನಮ್ಮಮ್ಮನ ಅಡುಗೆಮನೇಲಿ, ಡಾಕ್ಟರ್ ಅಲೈದಾ ಅವರ ಕೈ ಸೋಕದ ನೀರಲ್ಲಿ. ಸಂಸ್ಥೇಲಿ ಮಾಡೋಕೆ ನಾಚಿಕೆ ಆಯ್ತು. ಅವರು ಹೇಳಿದ್ದೇ ಸರಿ. ಲೇಖನ ವಾಪಸ್ ತಗೋತಿದ್ದೀನಿ. ಉಳಿದ ಹೊತ್ತಲ್ಲಿ ಇಂಥ ಜೋಡೀನ ಬೇರ್ಪಡಿಸೋದು ಹೇಗೆ ಅಂತ ಹೇಳ್ತೀನಿ, ಬೇರೆಯವರಾದ್ರೂ ಮೋಸ ಹೋಗದೇ ಇರ್ಲಿ."

ಸಮಿತಿಯವರೊಬ್ಬರು ಪೆನ್ನಿನ ಮುಚ್ಚಳ ಹಾಕಿ ಕೋಟಿನ ಜೇಬಿಗಿಟ್ಟುಕೊಂಡರು. ಚೀಲ ಹಿಡಿದ ಅಲೈದಾಳ ಕೈ ಅಲ್ಲೇ ಗಾಳಿಯಲ್ಲಿ ನಿಂತಿತ್ತು. ಅವಳು ಅತ್ತಳು, ಆದರೆ ನಿರ್ಧರಿಸಿದ್ದ ಜಾಗದಲ್ಲಲ್ಲ.

"ಇಷ್ಟು ವರ್ಷದ ಸರ್ವೀಸಿನಲ್ಲಿ" ಎಂದು ಪ್ರೊಫೆಸರ್ ಹೊರಬರುವಾಗ ಯಾರಿಗೋ ಹೇಳುತ್ತಿದ್ದರು, "ಸಮಿತಿ ಎದುರು ತನ್ನ ಜೀವೀನ ತಾನೇ ಕೊಂದವನನ್ನ ನೋಡಿದ್ದು ಇದೇ ಮೊದಲು. ಕೆಲಸ ಹೋಯ್ತು ಅವನದು. ಕೊಡಿಸೋಕೆ ನನ್ನ ಕೈಲಾಗಲ್ಲ. ಆದ್ರೆ ಆ ಕೈ ಕುಲುಕಿ ಬಂದೆ."

ಮಧ್ಯಾಹ್ನದ ಹೊತ್ತಿಗೆ ವೀಬೆ ಕೆಳಮಹಡಿಗೆ ಇಳಿದು ಬಂದ. ಬಹಳ ದಿನಗಳ ಮೇಲೆ. ಕೈಯಲ್ಲಿ ತಂತಿಯ ಬುಟ್ಟಿ, ಅದರ ತುಂಬ ಗಾಜಿನ ಕೊಳವೆಗಳು. ರೂಲ್ಫಿನ್ ಅವನನ್ನು ಕಂಡದ್ದೇ ತನಗೆ ಎಲ್ಲೋ ಏನೋ ಕೆಲಸವಿದೆಯೆಂದು ಎದ್ದು ಹೋದಳು.

"ಇವನ್ನ ಬೇಯಿಸ್ಬೇಕು" ಎಂದ. "ಅಲೈದೆ ಅಂತ ಬರೆದಿರೋ ಎಲ್ಲಾ ಕೊಳವೆ. ಒಂದೂ ಉಳಿಸಿಲ್ಲ."

ಕೆಲಸ ಮುಗಿದ ತಳಿಗಳನ್ನು ಹಬೆಯ ಪಾತ್ರೆಯಲ್ಲಿ ಬೇಯಿಸಿ ಕೊಲ್ಲುವುದೂ ಅವಳ ಕೆಲಸವೇ. ಅವಳು ಬುಟ್ಟಿಯನ್ನು ತೆಗೆದುಕೊಂಡು ಒಳಗಿಟ್ಟು, ಮುಚ್ಚಳ ತಿರುಗಿಸಿ ಬಿಗಿದಳು. ಹಬೆ ಏರುವವರೆಗೆ ಇಬ್ಬರೂ ಪಕ್ಕಪಕ್ಕದಲ್ಲಿ ಪಾತ್ರೆಯನ್ನು ನೋಡುತ್ತ ನಿಂತರು.

"ನನ್ನ ಮಾತು ನಂಬದೆ ಅಡುಗೆಮನೆ ಶೀಶೆ ನಂಬಿದೆ" ಎಂದಳು ಅಲೈದಾ.

"ನಿನ್ನ ಮಾತು ಆವತ್ತೇ ನಂಬಿದ್ದೆ. ಅದಕ್ಕೇ ಅಷ್ಟು ಕೆಟ್ಟದಾಗಿ ಮಾತಾಡಿದ್ದು." ಅವನು ಅವಳತ್ತ ತಿರುಗಲಿಲ್ಲ. "ಅಲೈದಾ, ತಪ್ಪಾಯ್ತು. ನೀನು ಯಾಕೆ ಆ ಪರೀಕ್ಷೆ ಮಾಡಿದೆ ಅಂತ ನಾನು ಕೇಳಲೇ ಇಲ್ಲ."

"ನಿನ್ನ ಉಪನ್ಯಾಸಕ್ಕೆ ಒಂದು ಸಾಲು ಕೊಡೋಣ ಅಂತ ಮಾಡಿದ್ದು. ಉಡುಗೊರೆ."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾನೋ ನಗುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ, ಬಹುಶಃ ಎರಡೂ.

"ಇನ್ನೆರಡು ವಾರಕ್ಕೆ ಯೀಸ್ಟ್ ಕಾರ್ಖಾನೆ ಸೇರ್ಬೇಕು" ಎಂದ ಕೊನೆಗೆ. "ನಮ್ಮಣ್ಣ ಮಾತಾಡಿದಾನೆ. ನಿನ್ನ ಹೆಸರು ಹೋಯ್ತು. ಕೆಲಸ ಹೋಯ್ತು. ನಿಂಗೆ ಕೊಡೋಕೆ ನನ್ನ ಹತ್ರ ಒಂದು ಬಾಲವೂ ಉಳಿದಿಲ್ಲ."

"ನಂಗೆ ಬಾಲ ಬೇಕು ಅಂತ ಯಾರು ಹೇಳಿದ್ದು?"

ಅಲೈದಾಳಿಗೆ ಗೊತ್ತಿತ್ತು. ಅವನು ಈಗ ಕೇಳುವುದಿಲ್ಲ. ಕೆಲಸವಿಲ್ಲದವನು, ಹೆಸರು ಕಳೆದುಕೊಂಡವನು, ಮರ್ಯಾದಸ್ಥ, ಪೆದ್ದ. ತಾನು ಸುಮ್ಮನಿದ್ದರೆ ಇವನು ನೇರ ರೈಲು ಹತ್ತಿ ಹೋಗಿ, ಯೀಸ್ಟಿನ ನಡುವೆ ಕೂತು, ಜೀವನಪೂರ್ತಿ ಒಳ್ಳೆಯವನಾಗಿ ಉಳಿದುಬಿಡುತ್ತಾನೆ. ಹಾಗಾಗಲು ಬಿಡುವಷ್ಟು ಅವಳು ದೊಡ್ಡ ಮನಸ್ಸಿನವಳಲ್ಲ.

"ವೀಬೆ, ಇಲ್ಲಿ ನೋಡು. ಪುರಸಭೇಲಿ ಸೋಮವಾರ ಬೆಳಿಗ್ಗೆ ಮದುವೆ ಪುಕ್ಕಟೆ ಮಾಡಿಸ್ತಾರೆ. ಭಾಷಣ ಇಲ್ಲ, ಹೂವಿಲ್ಲ, ಮುಂದಿನ ಜೋಡಿ ಬಾಗಿಲಲ್ಲಿ ಕಾಯ್ತಿರತ್ತೆ. ನೀನು ಕಾರ್ಖಾನೇಲಿ ಇರು, ನಾನಿಲ್ಲಿ ಇರ್ತೀನಿ, ಶುಕ್ರವಾರ ಸಂಜೆ ರೈಲಿದೆ. ಆಮೇಲೆ ಏನಾದ್ರೂ ದಾರಿ ಮಾಡ್ಕೊಳ್ಳೋಣ. ನನ್ನ ಮದುವೆ ಆಗ್ತೀಯಾ?"

ವೀಬೆ ಹೌಹಾರಿದ. ಹಿಂದೆ ಸರಿದು, ಕೈಗೆ ಸಿಕ್ಕಿದ ಸ್ಟೂಲನ್ನು ಎಳೆದುಕೊಂಡು ಕುಸಿದು ಕೂತ.

"ನಂಗೆ ಕೆಲಸದಲ್ಲಿ ಸಿಕ್ಕೋದು..."

"ಅದನ್ನ ಕೇಳ್ಲಿಲ್ಲ ನಾನು."

"ನಾನು ಆಡಿದ ಮಾತು..."

"ಅದಕ್ಕೆ ನೀನು ಬಹಳ ವರ್ಷ ಪಾತ್ರೆ ತೊಳೀಬೇಕು. ಅದೂ ಬೇರೆ ವಿಷಯ. ನಂಗೆ ನೀನು ಬೇಕು, ವೀಬೆ. ಜೌಗಲ್ಲಿ ಆ ದರಿದ್ರ ಬೂಟು ಬಿಚ್ಚಿದೆಯಲ್ಲ, ಅವತ್ತಿಂದ ಬೇಕು. ನಿಂಗೆ ನಾನು ಬೇಕಾ ಬೇಡ್ವಾ, ಅಷ್ಟು ಹೇಳು."

ಪಾತ್ರೆಯ ಹಬೆ ಸುಯ್ಯೆಂದು ಹೊರಗೆ ಬರತೊಡಗಿತ್ತು. ಒಳಗೆ ಅವಳ ಹೆಸರಿನ ಕೊಳವೆಗಳೆಲ್ಲ ಬೇಯುತ್ತಿದ್ದವು. ಅವನು ಸ್ಟೂಲಿನ ಮೇಲಿಂದಲೇ ತಲೆಯೆತ್ತಿ ಅವಳನ್ನು ನೋಡಿದ. ಕಣ್ಣು ತುಂಬಿತ್ತು, ಯಾರದೋ ಸೂಟಿನ ತೋಳು ಮೊಣಕೈಯಲ್ಲಿ ಆಗಲೇ ಸಣ್ಣಗೆ ಬಿಟ್ಟುಕೊಂಡಿತ್ತು.

"ಯಾವ ಸೋಮವಾರ?" ಎಂದ.